ಹದಿನೇಳನೆಯ ಪ್ರಶ್ನೆ

ನಾನು ವಿದ್ವಾಂಸಳಲ್ಲ. ಸಂಸ್ಥೆಯ ಮೂರನೆಯ ಮಹಡಿಯಲ್ಲಿ
ಒಂದರಿಂದ ಐದರವರೆಗಿನ ಅಂಕಿ ತುಂಬುವವಳು.
ಪೂರ್ತಿ ಒಪ್ಪಿದರೆ ಐದು, ಒಪ್ಪದೇ ಹೋದರೆ ಒಂದು,
ಮೂರು ಅಂದರೆ ಊಟದ ಹೊತ್ತಾಯಿತು, ಬೇಗ ಮುಗಿಸಿ ಅಂತ.
ಕಿಟಕಿಯ ಕೆಳಗೆ ಲುಬ್ಲಿನ್ನಿನ ಟ್ರಾಲಿಬಸ್ಸು
ತಂತಿ ತಪ್ಪಿ ನಿಂತಾಗೆಲ್ಲ
ಚಾಲಕ ಇಳಿದು, ಬೈದುಕೊಂಡು, ಕಂಬಿಯೆತ್ತಿ ಸಿಕ್ಕಿಸುತ್ತಾನೆ.
ಅದನ್ನು ನೋಡುವುದೇ ನನ್ನ ವಿರಾಮ.

ಈ ವರ್ಷದ ಸಂಶೋಧನೆ:
ಹಳ್ಳಿಯವರ ಮನಸ್ಸು ಯಾಕಿಷ್ಟು ಬಿಗಿ?
ಬಿಗಿಯೇ ಅಂತಲ್ಲ, ಯಾಕೆ ಅಂತ.
ಹದಿನೇಳನೆಯ ಪ್ರಶ್ನೆ ಹೀಗಿತ್ತು:
ಪಾದ್ರಿ ಹೇಳಿದ್ದನ್ನು ಎದುರು ಮಾತಾಡದೆ ನಂಬುವುದು ಲೇಸು.
ಐದು ಅಂದವರೆಲ್ಲ ಬಿಗಿಯ ಬುಟ್ಟಿಗೆ.

ಗಡಿಯ ಕಡೆ ಹೋಗಿದ್ದ ಹುಡುಗ ರಾದೊಮಿರ್
ಜೇನು ಸಾಕುವ ಝೆನೋಬಿಯಾ ಅಜ್ಜಿಯ ಮಾತನ್ನು
ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಗೀಚಿಕೊಂಡು ಬಂದಿದ್ದ:
'ನಮ್ಮ ಪಾದ್ರಿನಾ? ಚರ್ಚಿನ ಮಾಡಿನ ದುಡ್ಡು ನುಂಗಿದ ಮನುಷ್ಯ.
ಅವನನ್ನ ಯಾವ ನೊಣ ನಂಬುತ್ತೆ?
ಆದ್ರೆ ನೀನು ಕೇಳೋ ಧಾಟಿ ನೋಡಿದ್ರೆ ಮಗಾ,
ಐದು ಅಂತಲೇ ಬರ್ಕೋ.'
ಅಂಚಿಗೆ ನನ್ನ ಬಳಿ ಕಾಲಂ ಇಲ್ಲ.
ಐದು ಒತ್ತಿದೆ.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರೆ.
ಇಡೀ ಮಹಡಿಗೇ ಕಾಮಾಲೆಯಾದರೆ
ಅನ್ನುವವರು ಯಾರು?
ಊಟದ ಮೇಜಿನಲ್ಲಿ ಆ ಪಕ್ಷದವರ ಬಗ್ಗೆ ಚಟಾಕಿ ಹಾರಿದಾಗ
ಎಲ್ಲರೂ ನಗುತ್ತಾರೆ,
ವಿತ್ ಮಾತ್ರ ಬೀಟ್‌ರೂಟ್ ಸಾರು ಊದುತ್ತಾನೆ,
ಎಂದೋ ಆರಿದ ಸಾರು.
ಅವನ ಮತ ಎತ್ತ ಅಂತ ಮೇಜಿಗೆ ಗೊತ್ತಿಲ್ಲ.
ನನಗೆ ಗೊತ್ತು. ಭಾನುವಾರ ಊರಾಚೆಯ ಚರ್ಚಿನಲ್ಲಿ
ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡವನು
ನನ್ನ ಕಂಡು ಟೋಪಿ ಕೆಳಗೆಳೆದುಕೊಂಡಿದ್ದ.
ನಾನೂ ಕಂಬ ನೋಡಿದೆ.

ನವೆಂಬರಿನಲ್ಲಿ ಅವನು ಒಂದೇ ಒಂದು ಪದ ಬದಲಿಸಿದ.
ಪಾದ್ರಿ ಇದ್ದಲ್ಲಿ ತಜ್ಞ.
ಬೇರೆ ಹಾಳೆ, ಬೇರೆ ಹೆಸರು,
ನಮ್ಮದೇ ವಿದ್ಯಾರ್ಥಿಗಳಿಗೆ, ನಮ್ಮದೇ ಮೇಷ್ಟ್ರುಗಳಿಗೆ ಹಂಚಿದ.
ಒತ್ತಿದವಳು ನಾನೇ:
ಐದು, ಐದು, ನಾಲ್ಕು, ಐದು, ಐದು.

ಸೆಮಿನಾರಿನಲ್ಲಿ ಗೋಡೆಯ ಮೇಲೆ ಎರಡು ಕಂಬಗಳು ಮೂಡಿದವು,
ಹಳ್ಳಿಯದು, ನಮ್ಮದು. ನಮ್ಮದು ಒಂದು ಬೆರಳು ಎತ್ತರ.
ಯಾರೋ ಅಂದರು: 'ಅದು ಬೇರೆ.
ತಜ್ಞರು ನಿಜವಾಗಿಯೂ ಬಲ್ಲವರು.'
ತಲೆಗಳು ತೂಗಿದವು.
'ಅವರೂ ಹಾಗೇ ಅಂದರು,' ಅಂದ ವಿತ್.
ರೇಡಿಯೇಟರು ಗೊರಗುಟ್ಟುವುದು ಕೇಳಿಸಿತು.

ಆಮೇಲೆ ಒತಿಲಿಯಾ ಮೇಡಂ ಕನ್ನಡಕ ತೆಗೆದು,
ಸಿಟ್ಟಿಲ್ಲದೆ, ಕೇಳಿದರು:
'ಎಷ್ಟು ಹಾಳೆ ಹಂಚಿದೆ?'
'ನಲವತ್ತು.'
'ನಲವತ್ತಕ್ಕೇ ಯಾಕೆ ನಿಲ್ಲಿಸಿದೆ?'
ಅವನು ನನ್ನತ್ತ ನೋಡಿದ.
ನನ್ನ ಖಾನೆಯಲ್ಲಿ ಹನ್ನೊಂದು ಹಾಳೆಗಳಿದ್ದವು,
'ಇವು ಬೇಡ ಬಿಡಿ, ಅವಸರದಲ್ಲಿ ತುಂಬಿದ್ದಾರೆ' ಅಂತ
ಅವನೇ ಕೊಟ್ಟು ಹೋದವು.
ಒಂದುಗಳೂ ಎರಡುಗಳೂ.

ಈಗ ಅವರಿಬ್ಬರೂ
ನನ್ನ ಮೇಜಿನ ಪಕ್ಕದಲ್ಲೇ ಕೂತು ಹೊಸ ಪ್ರಶ್ನೆ ಬರೆಯುತ್ತಿದ್ದಾರೆ.
ಗೆಳೆತನವೇನಿಲ್ಲ. ಅವರು ಬರೆದ ಪದವನ್ನು ಇವನು ಮೂಸುತ್ತಾನೆ,
ಇವನು ಬರೆದದ್ದನ್ನು ಅವರು.
'ಬಿಗಿ' ಹೋಯಿತು, 'ನಿಷ್ಠೆ' ಬಂತು, ಅದೂ ಹೋಯಿತು.
ಒಂದು 'ಯಾಕೆ' ತೆಗೆಯಲು ಮೂರು ವಾರ.
ಝೆನೋಬಿಯಾಳ ಹಾಳೆ ನಡುವೆ ಬಿದ್ದಿದೆ,
ಅದರ ಮೇಲೆ ಇಬ್ಬರ ಚಹಾದ ಉಂಗುರ.

ನಿನ್ನೆ ಮೇಡಂ ತಟಕ್ಕನೆ ನನ್ನತ್ತ ತಿರುಗಿ
ಹದಿನೇಳನೆಯದನ್ನು ಓದಿ
'ನಿಮಗೇನನ್ನಿಸುತ್ತೆ?' ಅಂದರು.
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.
ಬಾಯಿ ತುಂಬ ಮಾತಿತ್ತು.
ಮೂರು ಅಂದೆ.
ಊಟದ ಹೊತ್ತಾಗಿತ್ತು.